ಮೂರನೇ ಲೈನಿನ ಟೋಕನ್

"ನೋಡೋಣ" ಎಂದು ಫೋನ್ ಇಟ್ಟ ಮೇಲೆ ಶೋಭಾರಾಣಿಗೆ ತನ್ನ ಬಾಯಿಯ ಮೇಲೇ ಸಿಟ್ಟು ಬಂತು. ಆಗುವುದಿಲ್ಲ ಎನ್ನಬೇಕಾಗಿತ್ತು. ಎಷ್ಟು ಚಿಕ್ಕ ಮಾತು ಅದು. ಗಂಟಲಿನ ತನಕ ಸರಿಯಾಗಿಯೇ ಬಂದು, ಅಲ್ಲಿ ಏನನ್ನೋ ಯೋಚಿಸಿ, "ನೋಡೋಣ ಜೀವನ್" ಎಂದು ವೇಷ ಬದಲಿಸಿಕೊಂಡು ಹೊರಗೆ ಬಿದ್ದಿತ್ತು. ಭಾನುವಾರ ಬೆಳಿಗ್ಗೆ ಎಂಟೂವರೆ. ಅಮ್ಮನಿಗೆ ಕೇಳಿಸಬಾರದೆಂದು ತಾರಸಿಗೆ ಬಂದು ನೀರಿನ ಟ್ಯಾಂಕಿನ ಹಿಂದೆ ನಿಂತಿದ್ದಳು. ಜೀವನ್ ಬಸವೇಶ್ವರನಗರದಲ್ಲಿ ಕೆಫೆ ಇಟ್ಟವನು. ತಿಂಗಳಿಗೊಂದು ಭಾನುವಾರ ಸಂಜೆ ಮಹಡಿಯ ಮೇಲೆ ಕುರ್ಚಿ ಹಾಕಿಸಿ, ತಾವೇ ಹಾಡು ಬರೆದು ಗಿಟಾರ್ ನುಡಿಸಿಕೊಂಡು ಹಾಡುವವರನ್ನು ಕರೆಸುತ್ತಿದ್ದ. ಐದು ಜನರ ನಡುವೆ ಒಂದು ಹಾಡು, ಆಮೇಲೆ ಮೂರು ಜನರ ನಡುವೆ ಎರಡು ಹಾಡು ಎಂದು ಮೂರು ವರ್ಷ ಹಾಡಿದ ಮೇಲೆ ಇವತ್ತಿನ ಸಂಜೆ ಪೂರ್ತಿ ಅವಳದಾಗಿತ್ತು. ಪೋಸ್ಟರಿನಲ್ಲಿ ಅವಳೊಬ್ಬಳದೇ ಮುಖ, ಕೆಳಗೆ 'ಶೋಭಾ ಜಿ.' ಎಂದು ಹೆಸರು. ರಾಣಿಯನ್ನು ಯಾರೂ ಕತ್ತರಿಸಿರಲಿಲ್ಲ, ಅವಳೇ ಕತ್ತರಿಸಿಕೊಂಡಿದ್ದಳು. ಶೋಭಾರಾಣಿ ಎಂದರೆ ಲಾರಿಯ ಹಿಂದೆ ಬರೆಸುವ ಹೆಸರಿನಂತಿದೆ ಎಂದು ಯಾರೋ ನಕ್ಕಿದ್ದರು. ಅವಳೂ ಅವರ ಜೊತೆ ನಕ್ಕಿದ್ದಳು.

"ಒಂದೇ ಒಂದು ರಿಕ್ವೆಸ್ಟ್" ಎಂದಿದ್ದ ಜೀವನ್. "ಟೋಕನ್ ಹಾಡಲ್ಲಿ ಆ ಮೂರನೇ ಚರಣ ಬಿಟ್ಬಿಡೋಣ್ವಾ? ಸೂಪರ್‌ವೈಸರು, ಕಂಪನಿ ಅಂತೆಲ್ಲಾ ಬರುತ್ತಲ್ಲ, ಅದು. ಈ ಸಲ ಸ್ಪಾನ್ಸರ್ ಒಂದು ಶರ್ಟ್ ಬ್ರಾಂಡು. ಅವರಿಗೆ ಸ್ವಲ್ಪ ಮುಜುಗರ ಆಗುತ್ತೆ. ಅಮ್ಮ ಅಳೋ ಭಾಗ ಪೂರ್ತಿ ಇರ್ಲಿ. ಜನಕ್ಕೆ ಬೇಕಾಗಿರೋದೂ ಅದೇ."

ಅಮ್ಮ ಅಳುವ ಭಾಗ. ತರಕಾರಿ ಅಂಗಡಿಯಲ್ಲಿ ಬೂದುಗುಂಬಳಕಾಯಿಯ ಹೋಳು ಕೇಳಿದ ಹಾಗೆ ಕೇಳಿದ್ದ. ಬೀಜ ಇರೋ ಕಡೆ ಬೇಡ, ಈ ಕಡೆಯದು ಕೊಡಿ ಎಂದು. ಆ ಚರಣ ಬರೆಯಲು ಅವಳಿಗೆ ಎರಡು ತಿಂಗಳು ಬೇಕಾಗಿತ್ತು. ಅದನ್ನು ಹಾಡುವಾಗಲೆಲ್ಲ ತಾನೊಬ್ಬ ಧೈರ್ಯವಂತೆ ಎಂದು ಅನ್ನಿಸುತ್ತಿತ್ತು, ಹಾಗೆ ಅನ್ನಿಸುವುದಕ್ಕಾಗಿಯೇ ಅದನ್ನು ಹಾಡುತ್ತಿದ್ದಳೇನೋ. ಈಗ ಶರ್ಟ್ ಮಾರುವವನಿಗೆ ಮುಜುಗರವಂತೆ. ಯಾರ ಶರ್ಟು, ಯಾರು ಹೊಲಿದ ಕಾಲರು. ಮತ್ತೆ ಫೋನ್ ಮಾಡಿ, ಚರಣ ಬಿಡುವುದಿಲ್ಲ, ಬೇಕಿದ್ದರೆ ಕಾರ್ಯಕ್ರಮವನ್ನೇ ಬಿಡುತ್ತೇನೆ ಎಂದು ಹೇಳಬೇಕೆಂದು ಫೋನ್ ಎತ್ತಿಕೊಂಡಳು. ಎತ್ತಿಕೊಂಡು ಪೋಸ್ಟರನ್ನು ಇನ್ನೊಮ್ಮೆ ನೋಡಿದಳು. ಅದಕ್ಕೆ ಎಷ್ಟು ಜನ ಹೃದಯದ ಚಿಹ್ನೆ ಒತ್ತಿದ್ದಾರೆಂದು ನೋಡಿದಳು. ಕೆಳಗೆ ಇಳಿದು ಹೋದಳು.

ಹಾಡು ದೊಡ್ಡದೇನಲ್ಲ. ಅಮ್ಮ ಗಂಗಲಕ್ಷ್ಮಮ್ಮ ಸುಂಕದಕಟ್ಟೆಯ ಹಿಂದಿದ್ದ ಒಂದು ಗಾರ್ಮೆಂಟ್ಸಿನಲ್ಲಿ ಹದಿನಾರು ವರ್ಷ ದುಡಿದವಳು. ಮೊದಮೊದಲು ಮೂರನೇ ಲೈನಿನಲ್ಲಿ ಶರ್ಟಿನ ಕಾಲರ್ ಹೊಲಿಯುತ್ತಿದ್ದಳು. ಒಂದು ಲೈನಿಗೆ, ಎಂದರೆ ಒಂದು ಸಾಲಿನ ಅಷ್ಟೂ ಮಿಷಿನಿಗೆ, ಒಂದೇ ಟೋಕನ್. ಅದು ಕೈಗೆ ಸಿಕ್ಕವಳು ಮಾತ್ರ ಎದ್ದು ಟಾಯ್ಲೆಟ್ಟಿಗೆ ಹೋಗಬಹುದು. ಅವಳು ಬಂದು ವಾಪಸ್ ಕೊಟ್ಟ ಮೇಲೆ ಇನ್ನೊಬ್ಬಳು. ಒಂದು ದಿನ ಅಮ್ಮ ಕೈಯೆತ್ತಿದಳು, ಸೂಪರ್‌ವೈಸರ್ ಟೋಕನ್ ಕೊಡಲಿಲ್ಲ. ಮತ್ತೆ ಎತ್ತಿದಳು, ಮತ್ತೆ ಕೊಡಲಿಲ್ಲ. ಕೂತ ಸ್ಟೂಲಿನ ಮೇಲೇ ಸೀರೆ ಒದ್ದೆಯಾಯಿತು. ಅಷ್ಟೇ. ಅದನ್ನು ಶೋಭಾರಾಣಿ ಹೀಗೆ ಹಾಡಾಗಿಸಿದ್ದಳು:

ನಲವತ್ತು ಮಿಷಿನಿಗೆ ಒಂದೇ ಟೋಕನ್ನು,
ಕೈಯೆತ್ತಿ ಕೂತವಳ ಸರದಿ ಬರಲಿಲ್ಲ;
ಒದ್ದೆಯಾಯಿತು ಸೀರೆ, ಒದ್ದೆಯಾಯಿತು ಕಣ್ಣು,
ಯಾವುದು ಮೊದಲೆಂದು ನೀ ಹೇಳಲಿಲ್ಲ.

ಎಂಟು ತಿಂಗಳ ಹಿಂದೆ ಜೀವನ್‌ನ ಮಹಡಿಯ ಮೇಲೆ ಯಾರೋ ಇದನ್ನು ಫೋನಿನಲ್ಲಿ ವೀಡಿಯೋ ಹಿಡಿದು ಇಂಟರ್ನೆಟ್ಟಿಗೆ ಹಾಕಿದ್ದರು. ಅಲ್ಲಿಯ ತನಕ ಅನ್ನಪೂರ್ಣೇಶ್ವರಿ ನಗರದ ಮನೆಮನೆಗೆ ಹೋಗಿ ಮಕ್ಕಳಿಗೆ ಗಿಟಾರ್ ಕಲಿಸುವ ಮಿಸ್ ಆಗಿದ್ದವಳು ಒಂದೇ ವಾರದಲ್ಲಿ 'ಟೋಕನ್ ಹಾಡಿನ ಹುಡುಗಿ' ಆದಳು. ಕೆಂಗೇರಿ ಉಪನಗರದಿಂದ ಕರೆದರು, ರಾಜಾಜಿನಗರದಿಂದ ಕರೆದರು. ಹಾಡಿದ ಕಡೆಯೆಲ್ಲ ಜನ ಕಣ್ಣೊರೆಸಿಕೊಂಡರು. ಹೋದ ತಿಂಗಳು ಪತ್ರಿಕೆಯವರು ಬಂದು, ಹಾಡು ಕೇಳಿ ನಿಮ್ಮ ಅಮ್ಮ ಏನೆಂದರು ಎಂದು ಕೇಳಿದರು. ಅಮ್ಮನಿಗೆ ಹಾಡಿನ ವಿಷಯವೇ ಗೊತ್ತಿರಲಿಲ್ಲ. ಅಮ್ಮ ಮನೆಯಲ್ಲಿದ್ದಾಗ ಶೋಭಾರಾಣಿ ಆ ಹಾಡಿನ ಮಾತನ್ನು ನುಂಗಿ ಬರೀ ಧಾಟಿಯನ್ನು ಗುನುಗುತ್ತಿದ್ದಳು. ಪತ್ರಿಕೆಯವರ ಮುಂದೆ ಅರೆಕ್ಷಣ ತಲೆ ತಗ್ಗಿಸಿ, "ಏನೂ ಮಾತಾಡಲಿಲ್ಲ. ಅತ್ತುಬಿಟ್ರು" ಎಂದಿದ್ದಳು. ಹೇಳುವಾಗ ಅವಳ ಗಂಟಲು ನಿಜವಾಗಿಯೂ ಕಟ್ಟಿತ್ತು. ಅದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆ.

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಕೂತು ಯಾರದೋ ಸೀರೆಗೆ ಫಾಲ್ಸ್ ಹೊಲಿಯುತ್ತಿದ್ದಳು. ಮಂಡಿ ನೋವೆಂದು ಗಾರ್ಮೆಂಟ್ಸ್ ಬಿಟ್ಟ ಮೇಲೂ ಕೈ ಸುಮ್ಮನಿರುತ್ತಿರಲಿಲ್ಲ. ತಲೆಯೆತ್ತದೆ, "ತಟ್ಟೇಲಿ ಉಪ್ಪಿಟ್ಟಿದೆ, ತಿನ್ನು" ಎಂದಳು. ಆಮೇಲೆ, ದಾರವನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡಿ, "ಇವತ್ತು ನಾನೂ ಬರ್ತೀನಿ" ಎಂದಳು.

"ಎಲ್ಲಿಗೆ?"

"ನೀನು ಹಾಡೋ ಕಡೆಗೆ. ನರಸೀನೂ ಬರ್ತಾಳೆ. ಹೇಳಿದೀನಿ."

ಚಮಚ ಅವಳ ಕೈಯಲ್ಲೇ ನಿಂತಿತು. ಮೂರು ವರ್ಷದಲ್ಲಿ ಅಮ್ಮ ಒಮ್ಮೆಯೂ ಬರುತ್ತೇನೆ ಎಂದಿರಲಿಲ್ಲ. ಬಾ ಎಂದು ಶೋಭಾರಾಣಿಯೂ ಕರೆದಿರಲಿಲ್ಲ. "ಮಹಡಿ ಹತ್ತಬೇಕಮ್ಮ, ನಿನ್ ಮಂಡಿಗೆ ಆಗಲ್ಲ. ಅಲ್ಲಿಗೆ ಬರೋರೆಲ್ಲ ಬರೀ ಇಂಗ್ಲಿಷ್ ಮಾತಾಡ್ತಾರೆ. ಕುರ್ಚೀನೂ ಸರಿ ಇಲ್ಲ, ಬೆನ್ನಿಗೆ ಒರಗೋಕೆ ಏನೂ ಇರಲ್ಲ."

"ಬೆನ್ನಿಗೆ ಒರಗೋಕೆ ಏನೂ ಇಲ್ದೇನೇ ಹದಿನಾರು ವರ್ಷ ಕೂತಿದ್ದೀನಿ" ಎಂದಳು ಅಮ್ಮ. "ಹೊಸ ಸೀರೆ ಉಡ್ಲಾ, ಇದೇ ಸಾಕಾ?"

ಅಷ್ಟು ಸಲೀಸಾಗಿ ಕೇಳಿದ್ದಳು. ಆ ಸಲೀಸಿನೊಳಗೆ ಏನಿದೆಯೆಂದು ಶೋಭಾರಾಣಿ ಅಮ್ಮನ ಮುಖ ನೋಡಿದಳು. ಅಮ್ಮ ಸೂಜಿಗೆ ದಾರ ಪೋಣಿಸುತ್ತ ಒಂದು ಕಣ್ಣು ಮುಚ್ಚಿಕೊಂಡಿದ್ದಳು. ಟೋಕನ್ ಹಾಡು ಹಾಡದಿದ್ದರಾಯಿತು ಎಂದುಕೊಂಡಳು. ಜೀವನ್‌ಗೆ ಗಂಟಲು ಸರಿಯಿಲ್ಲ ಎನ್ನಬಹುದು. ಆದರೆ ಜನ ಬರುವುದೇ ಅದಕ್ಕೆ. ಹಾಡದಿದ್ದರೆ ಮೂರನೇ ಚರಣದ ಜೊತೆ ಮೊದಲೆರಡನ್ನೂ ಆ ಶರ್ಟಿನವರ ಪಾದಕ್ಕೆ ಹಾಕಿದ ಹಾಗಾಯಿತು. ಹಾಡಿದರೆ ಅಮ್ಮ ನಾಲ್ಕು ಜನರ ಎದುರು ತನ್ನ ಒದ್ದೆ ಸೀರೆಯನ್ನು ತಾನೇ ನೋಡಬೇಕು. ಉಪ್ಪಿಟ್ಟನ್ನು ತಟ್ಟೆಯ ಅಂಚಿಗೆ ತಳ್ಳಿದಳು. ಈ ಸಂಕಟಕ್ಕೆಲ್ಲ ಜೀವನ್ ಕಾರಣ, ಆ ಶರ್ಟಿನವನು ಕಾರಣ, ಅಳು ಕೇಳಲು ಕಾಫಿ ಹಿಡಿದು ಬರುವ ಜನ ಕಾರಣ ಎಂದು ಒಬ್ಬೊಬ್ಬರನ್ನೇ ಎದುರಿಗೆ ನಿಲ್ಲಿಸಿಕೊಂಡು ಬೈದಳು. ಬೈದು ಮುಗಿದಾಗ ಸಾಲಿನ ಕೊನೆಯಲ್ಲಿ ಗಿಟಾರ್ ಹಿಡಿದ ಇನ್ನೊಬ್ಬಳು ನಿಂತಿದ್ದಳು. ಅವಳನ್ನು ಬೈಯದೆ ತಟ್ಟೆ ತೊಳೆಯಲು ಎದ್ದಳು.

ಮಧ್ಯಾಹ್ನ ಮೂರಕ್ಕೆ ಮೂವರೂ ಮಾಗಡಿ ರಸ್ತೆಯಲ್ಲಿ ಬಸ್ ಹತ್ತಿದರು. ನರಸಮ್ಮ ಅಮ್ಮನಿಗಿಂತ ಎರಡು ವರ್ಷ ದೊಡ್ಡವಳು, ಮೂರನೇ ಲೈನಿನಲ್ಲಿ ಅಮ್ಮನ ಪಕ್ಕದ ಮಿಷಿನಿನಲ್ಲಿ ತೋಳಿನ ಕಫ್ ಹೊಲಿದವಳು. ತಲೆಗೆ ಮಲ್ಲಿಗೆ ಮುಡಿದು, ಮದುವೆಗೆ ಹೊರಟವಳಂತೆ ಬಂದಿದ್ದಳು. "ಏನೇ ರಾಣಿ, ದೊಡ್ ಸಿಂಗರ್ ಆಗ್ಬಿಟ್ಟೆ, ನಮ್ಗೊಂದು ಮಾತೂ ಹೇಳ್ಳಿಲ್ಲ" ಎಂದಳು. ಹೆರೋಹಳ್ಳಿ ದಾಟಿತು. ಗಿಟಾರಿನ ಚೀಲವನ್ನು ಮೊಣಕಾಲಿನ ನಡುವೆ ಹಿಡಿದು ಕೂತ ಶೋಭಾರಾಣಿಗೆ ಮುಂದಿನ ಸೀಟಿನಲ್ಲಿ ಎರಡು ತುರುಬುಗಳು ಅಕ್ಕಪಕ್ಕ ಕಂಡವು. ಇಪ್ಪತ್ತು ವರ್ಷದ ಹಿಂದೆ ಒಂದು ಸಂಜೆ ಆ ತುರುಬುಗಳು ಹೀಗೆಯೇ ಒಂದಕ್ಕೊಂದು ಬಾಗಿ ಒಲೆಯ ಮುಂದೆ ಪಿಸುಗುಟ್ಟುತ್ತಿದ್ದವು, ಆಗ ಅವಕ್ಕೆ ಬಿಳಿ ಬಂದಿರಲಿಲ್ಲ, ಅವಳಿಗೆ ಹತ್ತು ವರ್ಷ, ಗೋಡೆಗೆ ಒರಗಿ ಹದಿಮೂರರ ಮಗ್ಗಿ ಬರೆಯುತ್ತಿದ್ದಳು. ಅಮ್ಮ ಅವತ್ತು ಬೆಳಿಗ್ಗೆ ಉಟ್ಟು ಹೋದ ಸೀರೆಯಲ್ಲಿ ಬಂದಿರಲಿಲ್ಲ. ಯಾರದೋ ಸೀರೆ ಉಟ್ಟಿದ್ದಳು. ಕೈಯೆತ್ತಿ ಎತ್ತಿ ಸಾಕಾಯ್ತು ಕಣೇ, ಸ್ಟೂಲ್ ಮೇಲೇ ಆಗೋಯ್ತಲ್ಲೇ ನರಸೀ ಎಂದಷ್ಟು ಕೇಳಿಸಿತ್ತು. ಆಮೇಲೆ ನರಸಮ್ಮ ತಿರುಗಿ ನೋಡಿ, ಹೋಗು ರಾಣಿ, ಅಂಗಡಿಯಿಂದ ಹಾಲು ತಗೊಂಡು ಬಾ ಎಂದಿದ್ದಳು. ಹಾಲು ತಂದಾಗ ಮಾತು ಮುಗಿದಿತ್ತು. ಅಮ್ಮನ ಕಣ್ಣು ಕೆಂಪಗಿತ್ತು. ಅತ್ತಿದ್ದಾಳೆ ಎಂದುಕೊಂಡಳು. ಮರುದಿನ ಅಮ್ಮ ಉಟ್ಟು ಹೋಗಿದ್ದ ಸೀರೆ ವಠಾರದ ಹಗ್ಗದ ಮೇಲೆ ಒಣಗುತ್ತಿತ್ತು, ನೀಲಿ ಸೀರೆ, ಚೆನ್ನಾಗಿ ಒಗೆದದ್ದು, ಸೋಪಿನ ವಾಸನೆ ಬರುತ್ತಿತ್ತು. ಆದರೂ ಅವಳು ಅದರ ಕೆಳಗೆ ನುಸುಳಿ ಹೋಗದೆ ಸುತ್ತು ಹಾಕಿಕೊಂಡು ಸ್ಕೂಲಿಗೆ ಹೋದಳು. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹಾಡಿನ ಯಾವ ಚರಣದಲ್ಲೂ ಇದು ಇಲ್ಲ. ಮೂರು ಚರಣ ಬರೆದಳು, ಮೂರರಲ್ಲೂ ತಾನು ಒಳ್ಳೆಯ ಮಗಳು.

ಸುಮನಹಳ್ಳಿಯ ಸೇತುವೆ ಇಳಿಯುವಾಗ ಅವಳು ನಿರ್ಧಾರ ಮಾಡಿದಳು. ಹಾಡುತ್ತೇನೆ, ಮೂರನೇ ಚರಣವನ್ನೂ ಹಾಡುತ್ತೇನೆ. ಶರ್ಟಿನವನು ಎದ್ದು ಹೋದರೆ ಹೋಗಲಿ. ಅಮ್ಮನ ಎದುರಿಗೇ ಅಮ್ಮನ ಪರವಾಗಿ ಒಂದು ಸಲ ಗಟ್ಟಿಯಾಗಿ ಕೇಳಿಬಿಡುತ್ತೇನೆ. ಹಾಗೆಂದುಕೊಂಡ ಮೇಲೆ ಮೈಯಲ್ಲಿ ಒಂದು ಬಿಸಿ ಹರಡಿತು, ಬೆಳಗಿನ 'ನೋಡೋಣ' ಒರೆಸಿಹೋದಂತಾಯಿತು.

ಕೆಫೆಯ ಮಹಡಿಯಲ್ಲಿ ಶರ್ಟುಗಳು ಅವರಿಗಿಂತ ಮೊದಲೇ ಬಂದಿದ್ದವು. ಮೈಕಿನ ಪಕ್ಕ ಒಂದು ಕಬ್ಬಿಣದ ಸ್ಟ್ಯಾಂಡಿಗೆ ಹತ್ತಿಪ್ಪತ್ತು ಶರ್ಟು ನೇತುಹಾಕಿ, ಹಿಂದೆ ಬ್ಯಾನರ್ ಕಟ್ಟಿದ್ದರು. 'ಪ್ರತಿ ಹೊಲಿಗೆಯಲ್ಲೂ ತಾಯಿಯ ಪ್ರೀತಿ.' ಬ್ಯಾನರಿನ ಕೆಳಗೆ ನಿಂತಿದ್ದವನು ಸಂಪತ್, ಆ ಬ್ರಾಂಡಿನ ಕಡೆಯವನು, ಬಿಳಿ ಬೂಟು ಹಾಕಿದ್ದ. "ನಿಮ್ ಹಾಡು ಕೇಳಿ ನಮ್ ಟೀಮೆಲ್ಲಾ ಅತ್ತುಬಿಟ್ರು ಮೇಡಂ" ಎಂದ. ಜೀವನ್ ಅಮ್ಮನನ್ನು ಕಂಡವನೇ ಓಡಿ ಬಂದು ಕಾಲಿಗೆ ನಮಸ್ಕಾರ ಮಾಡಿದ. "ಅಮ್ಮಾ, ನೀವು ಬಂದಿದ್ದು ನಮ್ ಪುಣ್ಯ. ಮುಂದಿನ ಸಾಲಲ್ಲಿ ಕೂತ್ಕೊಳ್ಳಿ." ಶೋಭಾರಾಣಿಯನ್ನು ಪಕ್ಕಕ್ಕೆ ಎಳೆದು, "ಮೊದ್ಲೇ ಹೇಳ್ಬಾರ್ದಾ! ಟೋಕನ್ ಆದ್ಮೇಲೆ ಅಮ್ಮನ್ನ ಸ್ಟೇಜಿಗೆ ಕರೀತೀವಿ. ಸಂಪತ್ ಒಂದು ಸೀರೆ ಕೊಡ್ತಾರೆ. ಸಖತ್ತಾಗಿರುತ್ತೆ" ಎಂದ.

"ಅವರಿಗೆ ಅದೆಲ್ಲ ಇಷ್ಟ ಆಗಲ್ಲ ಜೀವನ್."

"ಎರಡೇ ನಿಮಿಷ. ಮಾತಾಡೋದೇನೂ ಬೇಡ, ಸುಮ್ನೆ ನಿಂತ್ರೆ ಸಾಕು."

ಸುಮ್ಮನೆ ನಿಂತರೆ ಸಾಕು. ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಮೈಕಿನ ಹುಡುಗಿ ಕರೆದಳು, ಗಿಟಾರಿನ ವೈರು ಸಿಕ್ಕಿಸಬೇಕಿತ್ತು. ಬಾಯಿ ಮುಚ್ಚಿದಳು. ಅತ್ತ ನರಸಮ್ಮ ಸ್ಟ್ಯಾಂಡಿನಿಂದ ಒಂದು ಶರ್ಟು ತೆಗೆದು ಕಾಲರ್ ಮಡಚಿ, ಬಿಚ್ಚಿ, ಒಳಗಡೆ ತಿರುಗಿಸಿ ನೋಡುತ್ತಿದ್ದಳು. "ಇಲ್ನೋಡೇ ಗಂಗಾ. ಮೂಲೆ ಸರಿಯಾಗಿ ತಿರುಗಿಸಿಲ್ಲ. ನಮ್ ಕಾಲದಲ್ಲಿ ಇದನ್ನ ಮುಖಕ್ಕೆ ಎಸೀತಿದ್ರು." ಅಮ್ಮನೂ ಬೆರಳಿನಿಂದ ಸವರಿ ನೋಡಿದಳು. "ಪಾಪ, ಟಾರ್ಗೆಟ್ ಜಾಸ್ತಿ ಇಟ್ಟಿರ್ತಾರೆ" ಎಂದಳು. ಸಂಪತ್ ನಗುತ್ತ ಬಂದು ಶರ್ಟನ್ನು ಅವರ ಕೈಯಿಂದ ತೆಗೆದುಕೊಂಡು ಮತ್ತೆ ನೇತುಹಾಕಿದ.

ಐದಕ್ಕೆ ಶುರುವಾಯಿತು. ಅರವತ್ತು ಎಪ್ಪತ್ತು ಜನ ಇದ್ದರು. ಮೊದಲ ಹಾಡಿನ ಮಧ್ಯೆ ಕೆಳಗೆ ಕಾಫಿ ಬೀಜ ಪುಡಿ ಮಾಡುವ ಮಿಷಿನ್ ಗರ್ರೆಂದಿತು. ಅವಳು ಅದೇ ತಂತಿಯನ್ನು ಮೀಟುತ್ತ ಅದು ನಿಲ್ಲುವ ತನಕ ಕಾದಳು. ಎರಡನೆಯ ಹಾಡಿಗೆ ಮೂಲೆಯ ಮೇಜಿನವರು ಕೇಕ್ ಕತ್ತರಿಸಿದರು. ಇದೆಲ್ಲ ದಿನಾ ಇರುವುದೇ. ಆದರೆ ಇವತ್ತು ಮುಂದಿನ ಸಾಲಿನಲ್ಲಿ ಅಮ್ಮ ಕೂತಿದ್ದಳು, ಮಗಳು ಹಾಡುವಾಗ ಜನ ಮಾತಾಡುವುದನ್ನು ಮೊದಲ ಸಲ ನೋಡುತ್ತಿದ್ದಳು. ಅಮ್ಮ ಹಿಂದೆ ತಿರುಗಿ ಕೇಕಿನವರನ್ನು ಎಷ್ಟು ಹೊತ್ತು ದಿಟ್ಟಿಸಿದಳೆಂದರೆ ಅವರಲ್ಲಿ ಒಬ್ಬಳು ಚಾಕು ಕೆಳಗಿಟ್ಟಳು.

ಆಗ ಜೀವನ್ ಮೈಕ್ ತೆಗೆದುಕೊಂಡ. "ಈಗ ನೀವೆಲ್ಲ ಕಾಯ್ತಿರೋ ಹಾಡು. ಇವತ್ತು ಒಂದು ಸ್ಪೆಷಲ್ ಇದೆ. ಆ ಹಾಡಿನ ಅಮ್ಮ, ನಿಜವಾದ ಅಮ್ಮ, ನಮ್ ಜೊತೆ ಇಲ್ಲೇ ಕೂತಿದ್ದಾರೆ!" ಜನರೆಲ್ಲ ಕತ್ತು ಚಾಚಿದರು. ಫೋನುಗಳು ಎದ್ದವು. ಓ ಎಂಬ ಒಂದು ಮೆತ್ತನೆಯ ಸದ್ದು ಮಹಡಿಯ ತುಂಬ ಹರಡಿತು, ಪೆಟ್ಟಾದ ನಾಯಿಮರಿಯನ್ನು ಕಂಡಾಗ ಹೊರಡುವ ಸದ್ದು. ಶೋಭಾರಾಣಿಯ ಕಿವಿ ಉರಿಯಿತು. "ಇವತ್ತು ಬೇಡ, ಬೇರೆ ಹಾಡ್ತೀನಿ" ಎಂದಳು. ಟೋಕನ್, ಟೋಕನ್ ಎಂದು ಹಿಂದಿನಿಂದ ಕೂಗಿದರು. ಅಮ್ಮ ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಸರಿದು, ಯಾರಿಗೂ ಸಂಬಂಧವಿಲ್ಲದಂತೆ, ಅವಳಿಗೊಬ್ಬಳಿಗೇ ಹೇಳಿದಳು. "ಹಾಡು ರಾಣಿ. ಅದನ್ನ ಕೇಳೋಕೇ ಬಂದಿರೋದು ನಾನು."

ಹಾಗಾದರೆ ಗೊತ್ತಿದೆ. ಬೆರಳು ಎಲ್ಲಿಡಬೇಕೆಂದು ಮರೆತುಹೋಯಿತು. ಆಮೇಲೆ ಬೆರಳುಗಳೇ ತಮ್ಮ ಜಾಗ ಹುಡುಕಿಕೊಂಡವು, ಎಂಟು ತಿಂಗಳ ಅಭ್ಯಾಸ. ಮೊದಲ ಚರಣದ ಮೂರನೇ ಸಾಲಿಗೆ ಬರುವಾಗ ಅವಳು ಯಾವತ್ತೂ ಕಣ್ಣು ಮುಚ್ಚುತ್ತಿದ್ದಳು, ದನಿಯನ್ನು ಸ್ವಲ್ಪ ಒಡೆಯುತ್ತಿದ್ದಳು. ಅಲ್ಲಿ ಒಡೆದರೆ ಜನರೂ ಅಲ್ಲೇ ಒಡೆಯುತ್ತಾರೆಂದು ಗೊತ್ತಾಗಿತ್ತು. ಇವತ್ತೂ ಮುಚ್ಚಿದಳು. ಒದ್ದೆಯಾಯಿತು ಸೀರೆ, ಒದ್ದೆಯಾಯಿತು ಕಣ್ಣು. ಎರಡನೇ ಚರಣದಲ್ಲಿ ಆ ಹೆಂಗಸು ಮನೆಗೆ ಬಂದು ಬಚ್ಚಲಲ್ಲಿ ಸೀರೆ ಹಿಂಡುತ್ತ ಅಳುತ್ತಾಳೆ, ನೀರಿನ ಸದ್ದಿನಲ್ಲಿ ಅಳು ಮುಚ್ಚಿಡುತ್ತಾಳೆ. ಅದನ್ನೂ ಹಾಡಿದಳು. ಹಿಂದೆ ಯಾರೋ ಮೂಗು ಸೇದಿದರು. ಕಣ್ಣು ತೆರೆದಾಗ ಅಮ್ಮ ಕಂಡಳು. ಶೋಭಾರಾಣಿ ಹೆದರಿದ್ದ ಎರಡು ಮುಖಗಳಲ್ಲಿ ಅದು ಯಾವುದೂ ಅಲ್ಲ, ನಾಚಿಕೆಯದೂ ಅಲ್ಲ, ಅಳುವಿನದೂ ಅಲ್ಲ. ಹೊಲಿಯಲು ಕೊಟ್ಟ ಬಟ್ಟೆಯನ್ನು ತಪ್ಪು ಅಳತೆಗೆ ಕತ್ತರಿಸಿ ತಂದವರನ್ನು ನೋಡುವ ಮುಖ. ಅಮ್ಮ ಎದ್ದು ನಿಂತಿದ್ದಳು.

"ನಿಲ್ಸು" ಎಂದಳು.

ಗಿಟಾರು ನಿಂತಿತು. ಜೀವನ್‌ಗೆ ಇದು ತಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಆಗುತ್ತಿದೆ ಅನ್ನಿಸಿರಬೇಕು. ಚಪ್ಪಾಳೆ ತಟ್ಟುತ್ತ ಇನ್ನೊಂದು ಮೈಕ್ ಹಿಡಿದು ಓಡಿ ಬಂದ. ಅಮ್ಮ ಮೈಕನ್ನು ಕೈಯಿಂದ ಪಕ್ಕಕ್ಕೆ ತಳ್ಳಿದಳು. ನಲವತ್ತು ಮಿಷಿನಿನ ಸದ್ದಿನ ಮೇಲೆ ಮಾತಾಡಿ ರೂಢಿಯಾದ ದನಿಗೆ ಅದು ಬೇಕಿರಲಿಲ್ಲ.

"ಯಾರೇ ಹೇಳಿದ್ದು ನಿಂಗೆ, ನಾನು ಅತ್ತೆ ಅಂತ?"

ಶೋಭಾರಾಣಿ ತಂತಿಗಳ ಮೇಲೆ ಅಂಗೈ ಒತ್ತಿದಳು.

"ನರಸೀ ಸೊಸೆ ಪೇಪರ್ ತಂದು ತೋರಿಸಿದ್ಲು. ಹಾಡು ಕೇಳಿ ಅಮ್ಮ ಅತ್ತುಬಿಟ್ರು ಅಂತ ಹಾಕಿದಾರೆ. ಕೇಳೇ ಇಲ್ವಲ್ಲ, ಅಳೋದೆಲ್ಲಿಂದ ಬಂತು ಅಂದ್ಕೊಂಡೆ. ಅದಕ್ಕೇ ಬಂದೆ. ಬಂದ್ರೆ ಹಾಡೊಳಗೂ ಅಳಿಸಿದ್ದೀಯ. ಲೈನಲ್ಲೂ ಅತ್ತೆ, ಬಚ್ಚಲಲ್ಲೂ ಅತ್ತೆ. ನಾನು ಅತ್ತಿದ್ದು ನೀನು ನೋಡಿದ್ಯಾ?"

"ಕಣ್ಣು ಕೆಂಪಗಿತ್ತಮ್ಮ" ಎಂದಳು ಶೋಭಾರಾಣಿ. ಮೈಕ್ ಬಾಯಿಯ ಎದುರಿಗೇ ಇದ್ದುದರಿಂದ ಅದು ಇಡೀ ಮಹಡಿಗೆ ಕೇಳಿಸಿತು.

"ಸಿಟ್ಟಿಗೆ ಕೆಂಪಾಗಿತ್ತು!" ಅಮ್ಮನ ದನಿ ಏರಿತು. "ಏನ್ ಮಾಡ್ದೆ ಗೊತ್ತಾ ನಾನು? ಹಂಗೇ, ಒದ್ದೆ ಸೀರೇಲೇ, ಎದ್ದು ಕಂಬದ ಹತ್ರ ಹೋಗಿ ಲೈನಿನ ಮೇನ್ ಸ್ವಿಚ್ ಎಳೆದುಬಿಟ್ಟೆ. ನಲವತ್ತು ಮಿಷಿನೂ ನಿಂತ್ಹೋದ್ವು."

"ನಲವತ್ತೆರಡು" ಎಂದಳು ನರಸಮ್ಮ ಕೂತಲ್ಲಿಂದಲೇ.

"ನಲವತ್ತೆರಡು. ಸೂಪರ್‌ವೈಸರ್ ಬಂದ, ಆನ್ ಮಾಡು ಅಂದ. ಮಾಡಲ್ಲ, ಟೋಕನ್ ತಗೊಂಡು ಬಾ, ಈ ಸೀರೆ ಮೇಲೆ ಇಟ್ಟು ನೋಡು ಅಂದೆ. ಒಬ್ಬಳೂ ಮಿಷಿನ್ ಮುಟ್ಲಿಲ್ಲ. ಮ್ಯಾನೇಜರು ಮೇಲಿಂದ ಇಳಿದು ಬರೋ ತನಕ ಒಂದು ಗಂಟೆ ಕೂತಿದ್ವಿ. ಒಂದು ಟೋಕನ್ ಇದ್ದಿದ್ದು ಮೂರಾಯ್ತು. ದೊಡ್ಡದೇನಲ್ಲ, ಮೂರೇ. ನನ್ನ ಕಾಲರಿಂದ ತೆಗೆದು ಗುಂಡಿ ಹಾಕೋ ಕಡೆ ಕೂರಿಸಿದ್ರು, ಎರಡು ವರ್ಷ ಸಂಬಳ ಏರಿಸ್ಲಿಲ್ಲ. ಆಗ್ಲಿ ಅಂದೆ. ಇಷ್ಟೆಲ್ಲ ಬಿಟ್ಟು ನಿಂಗೆ ಸೀರೆ ಒದ್ದೆಯಾಗಿದ್ದು ಒಂದು ಸಿಕ್ತಾ ಹಾಡೋಕೆ?"

ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಬೇಕೋ ಬೇಡವೋ ಗೊತ್ತಾಗದೆ ಕೆಲವು ಫೋನುಗಳು ಅರ್ಧಕ್ಕೆ ಇಳಿದವು. ಸಂಪತ್ ಜೀವನ್‌ನ ಕಿವಿಯಲ್ಲಿ ಏನೋ ಹೇಳಿದ. ಜೀವನ್ ಮುಂದೆ ಬಂದು, "ಸೂಪರ್ ಅಮ್ಮಾ, ಥ್ಯಾಂಕ್ಯೂ. ಈಗ ಒಂದು ಚಿಕ್ಕ ಬ್ರೇಕ್ ತಗೊಳೋಣ" ಎಂದ. ಅವನ ಹಿಂದೆ ಸಂಪತ್ ಬಣ್ಣದ ಕಾಗದದಲ್ಲಿ ಸುತ್ತಿದ ಸೀರೆಯ ಪೊಟ್ಟಣವನ್ನು, ಕೊಡುವುದೋ ಒಳಗಿಡುವುದೋ ತಿಳಿಯದೆ, ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ.

ಶೋಭಾರಾಣಿ ಎತ್ತರದ ಸ್ಟೂಲಿನ ಮೇಲೆ ಕೂತೇ ಇದ್ದಳು. ಹಾಡಲು ಉಳಿದದ್ದು ಮೂರನೇ ಚರಣ. ಬೆಳಗಿನಿಂದ ಯಾರಿಗೂ ಬಿಟ್ಟುಕೊಡುವುದಿಲ್ಲವೆಂದು ಎದೆಗೆ ಅವಚಿಕೊಂಡು ಬಂದ ಚರಣ. ಅದು ಈಗ ಮನಸ್ಸಿನಲ್ಲಿ ತನ್ನಷ್ಟಕ್ಕೆ ತಾನೇ ಹಾಡಿಕೊಂಡಿತು: ಅಣ್ಣಾ ಸೂಪರ್‌ವೈಸರಣ್ಣಾ, ನಿನಗೂ ಹೆತ್ತವಳಿಲ್ಲವೇನು, ನಮ್ಮ ಕಂಪನಿಯ ದೊರೆಗೆ ಒಂದು ಮಾತು ಹೇಳಬಾರದೇನು. ಅಣ್ಣಾ ಎಂದಿದ್ದಳು. ದೊರೆ ಎಂದಿದ್ದಳು. ಇದನ್ನು ಧೈರ್ಯವೆಂದುಕೊಂಡಿದ್ದಳು. ಇದಕ್ಕೆ ಮುಜುಗರಪಟ್ಟ ಶರ್ಟಿನವನೂ ದಡ್ಡ, ಇದನ್ನು ಬಿಡುವುದಿಲ್ಲವೆಂದು ಹಟ ಹಿಡಿದ ತಾನೂ ದಡ್ಡಿ. ಅಮ್ಮ ಸ್ವಿಚ್ ಎಳೆದು ಕೂತಿದ್ದ ಹೊತ್ತಿನಲ್ಲಿ ಮಗಳು ಆ ಗಂಡಸಿನ ಮುಂದೆ ಕೈಮುಗಿದು ನಿಂತಿದ್ದಳು, ಇಪ್ಪತ್ತು ವರ್ಷ ತಡವಾಗಿ, ಗಿಟಾರಿನ ಜೊತೆ. ಅಮ್ಮನನ್ನು ಒಂದೇ ಒಂದು ಸಲ ಕೇಳಿದ್ದರೆ ಸಾಕಿತ್ತು. ಆಮೇಲೇನಾಯಿತಮ್ಮ ಎಂಬ ಎರಡು ಮಾತು. ಕೇಳಲಿಲ್ಲ, ಯಾಕೆಂದರೆ ಅಳುವ ಅಮ್ಮ ಅವಳಿಗೆ ಸಾಕಾಗಿದ್ದಳು. ಆ ಅಮ್ಮ ಹೇಳಿದ ಕಡೆ ಅಳುತ್ತಿದ್ದಳು. ಮೂರು ಜನರ ಸಾಲಿನಿಂದ ಒಬ್ಬಳದೇ ಪೋಸ್ಟರಿಗೆ ಅವಳನ್ನು ಹೊತ್ತು ತಂದವಳು ಆ ಅಮ್ಮನೇ.

ಅವಳು ಮೈಕಿಗೆ ಬಾಗಿದಳು. "ಪೇಪರಿನವರಿಗೆ ನಾನು ಸುಳ್ಳು ಹೇಳಿದ್ದೆ" ಎಂದಳು. ದನಿ ಒಡೆಯಿತು, ಈ ಸಲ ಒಡೆಯಬಾರದ ಜಾಗದಲ್ಲಿ, ಕೆಟ್ಟದಾಗಿ. "ಅಮ್ಮ ಅತ್ತಿರಲಿಲ್ಲ. ಹಾಡೂ ತಪ್ಪಿದೆ. ನಾನು ಇದನ್ನ ಹೀಗೆ ಇನ್ನು ಹಾಡಲ್ಲ." ಇನ್ನೂ ಏನೋ ಹೇಳಬೇಕಿತ್ತು, ಶರ್ಟಿನ ಬಗ್ಗೆ, ಬ್ಯಾನರಿನ ಬಗ್ಗೆ. ಅಷ್ಟರಲ್ಲಿ ಮೈಕ್ ಆರಿಹೋಯಿತು. ಯಾರು ಆರಿಸಿದರೆಂದು ಅವಳು ತಿರುಗಿ ನೋಡಲಿಲ್ಲ. ಆರಿದ ಮೈಕಿನಲ್ಲೇ, "ಪ್ರತಿ ಹೊಲಿಗೆಯಲ್ಲೂ ಪ್ರೀತಿ ಅಂತ ಬರೆಯೋ ಮುಂಚೆ ಹೊಲಿಯೋರನ್ನ ಒಂದ್ಸಲ ಕೇಳಿ" ಎಂದಳು. ಮುಂದಿನ ಎರಡು ಸಾಲಿಗೆ ಮಾತ್ರ ಕೇಳಿಸಿರಬೇಕು. ವೈರು ಕಿತ್ತು, ಗಿಟಾರನ್ನು ಚೀಲಕ್ಕೆ ಹಾಕಿಕೊಂಡಳು.

ಮೆಟ್ಟಿಲಿನ ಹತ್ತಿರ ಜೀವನ್ ಅಡ್ಡ ನಿಂತ. "ಏನ್ರೀ ಇದು? ಇನ್ನೂ ಆರು ಹಾಡು ಬಾಕಿ ಇದೆ. ಅವರ ಮುಂದೆ ನನ್ ಮಾನ ತೆಗೆದ್ರಲ್ಲ. ಮುಂದೆ ನಿಮ್ಮನ್ನ ಯಾರು ಕರೀತಾರೆ ಹೇಳಿ?"

"ಗೊತ್ತಿಲ್ಲ" ಎಂದಳು. ನಿಜವಾಗಿಯೂ ಗೊತ್ತಿರಲಿಲ್ಲ. ಭಯವೂ ಆಯಿತು. ಆದರೆ ಬಾಯಿ, ಅವಳಿಗೇ ಆಶ್ಚರ್ಯವಾಗುವಂತೆ, ನೋಡೋಣ ಎನ್ನಲಿಲ್ಲ.

ಬಸ್ ಸ್ಟಾಪಿನಲ್ಲಿ ಅಮ್ಮ ಅವಳಿಗೆ ಬೆನ್ನು ತಿರುಗಿಸಿ ನಿಂತಳು. ಬಿಸಿಲು ಇನ್ನೂ ಇಳಿದಿರಲಿಲ್ಲ. ಶೋಭಾರಾಣಿ ಹತ್ತಿರ ಹೋಗಿ, "ಆ ವೀಡಿಯೋ ತೆಗೆಸ್ತೀನಮ್ಮ. ಹಾಡೇ ಬೇಡ" ಎಂದಳು.

"ನೀನೇನ್ ತೆಗೀತೀಯ, ಊರೆಲ್ಲ ನೋಡಿಯಾಯ್ತು" ಎಂದಳು ಅಮ್ಮ ತಿರುಗದೆ. "ಅವತ್ತು ಸ್ಕೂಲಿಗೆ ಹೋಗುವಾಗ ಆ ಸೀರೆ ಕೆಳಗೆ ನುಸುಳದೆ ಸುತ್ತು ಹಾಕ್ಕೊಂಡು ಹೋದೆ. ಆಗ್ಲೇ ಅಂದ್ಕೊಂಡೆ, ಇವಳು ನನ್ನ ಏನಂತ ತಿಳ್ಕೊಂಡಿದಾಳೋ ಅಂತ."

ಅಮ್ಮ ಅದನ್ನು ಮರೆತಿರಲಿಲ್ಲ. ಶೋಭಾರಾಣಿಯ ಕಾಲ ಕೆಳಗಿನ ಫುಟ್‌ಪಾತಿನ ಕಲ್ಲು ಅಲುಗಿತು. ಕ್ಷಮಿಸು ಎನ್ನುವುದು ಇಲ್ಲಿ ಮತ್ತೊಂದು ಹಾಡಿನ ಸಾಲಾಗುತ್ತದೆ ಅನ್ನಿಸಿ ಹೇಳಲಿಲ್ಲ. ಬಸ್ ಬಂತು. ನರಸಮ್ಮ ಮೊದಲು ಹತ್ತಿ, ಹೆಂಗಸರ ಸೀಟಿನಲ್ಲಿ ಕೂತಿದ್ದ ಗಂಡಸೊಬ್ಬನನ್ನು ಎಬ್ಬಿಸಿ ಜಾಗ ಮಾಡಿಕೊಂಡಳು. ಅಮ್ಮ ಅವಳ ಹಿಂದಿನ ಸೀಟಿನಲ್ಲಿ ಕೂತಳು, ಶೋಭಾರಾಣಿ ಈ ಸಲ ಬೇರೆ ಸೀಟಿಗೆ ಹೋಗದೆ ಅಮ್ಮನ ಪಕ್ಕದಲ್ಲೇ ಕೂತಳು. ಕಾಮಾಕ್ಷಿಪಾಳ್ಯ ದಾಟುವಾಗ ಅಮ್ಮನ ಕಡೆ ಬಾಗಿ ಕೇಳಿದಳು.

"ಸ್ವಿಚ್ ಎಳೆದ್ಮೇಲೆ ಏನಾಯ್ತಮ್ಮ?"

"ಈಗ ಕೇಳ್ತೀಯಾ? ಇವತ್ತು ಹೇಳಲ್ಲ. ಮೈಯೆಲ್ಲ ಉರೀತಾ ಇದೆ ನಂಗೆ. ಸಿಟ್ಟು ಇಳೀಲಿ, ಆಮೇಲೆ ಹೇಳ್ತೀನಿ."

"ಇಳಿಯೋ ಮುಂಚೇನೇ ಹೇಳು."

ಅಮ್ಮ ಆಗ ಅವಳ ಕಡೆ ತಿರುಗಿ ನೋಡಿದಳು, ಮಹಡಿ ಇಳಿದ ಮೇಲೆ ಮೊದಲ ಸಲ. ಅಳತೆ ತೆಗೆಯುವವಳಂತೆ ನೋಡಿದಳು. ಬಸ್ಸಿನ ಎಂಜಿನ್ನು ಕೂಗುತ್ತಿತ್ತು, ಕಂಡಕ್ಟರ್ ಕೂಗುತ್ತಿದ್ದ, ಅದರ ಮೇಲೆ ಅಮ್ಮ ಗಟ್ಟಿಯಾಗಿ, ಬಸ್ಸಿನಲ್ಲಿದ್ದವರೆಲ್ಲ ಕೇಳಿಸಿಕೊಳ್ಳಲಿ ಎಂಬಂತೆ ಶುರುಮಾಡಿದಳು.

"ನಲವತ್ತೆರಡು ಮಿಷಿನ್ ಒಟ್ಟಿಗೆ ನಿಂತ್ರೆ ಹೆಂಗಿರುತ್ತೆ ಗೊತ್ತಾ ನಿಂಗೆ? ಕಿವಿ ಗುಂಯ್ ಅನ್ನುತ್ತೆ. ಆರು ವರ್ಷ ಪಕ್ಕಪಕ್ಕ ಕೂತಿದ್ವಿ, ಅಲ್ಲಿ ಒಬ್ಬರ ದನಿ ಇನ್ನೊಬ್ಬರು ನೆಟ್ಟಗೆ ಕೇಳಿರ್ಲಿಲ್ಲ. ಅವತ್ತು ಎಲ್ಲಾ ನಿಂತ್ಹೋಯ್ತಲ್ಲ, ಆ ನಿಶ್ಶಬ್ದದಲ್ಲಿ ಮೊದಲು ಕೇಳಿಸಿದ್ದು ಇವಳು ಕೆಮ್ಮಿದ್ದು."

ನರಸಮ್ಮ ಮುಂದಿನ ಸೀಟಿನಿಂದ ಪೂರ್ತಿ ಹಿಂದಕ್ಕೆ ತಿರುಗಿದಳು.

"ಕೆಮ್ಮಲ್ಲ ಕಣೇ ಅದು. ನಾನು ನಕ್ಕಿದ್ದು."